ಕ್ಷಯದ ಚಿಕಿತ್ಸೆ ಯಾರಲ್ಲಿ ಕೈಕೊಡುತ್ತದೆ, ಅದನ್ನು ಮೊದಲ ವಾರದಲ್ಲೇ ಗುರುತಿಸುವುದು ಹೇಗೆ

ಕ್ಷಯದ ಗುಳಿಗೆಗಳ ಬಗ್ಗೆ ನಮ್ಮ ಭಾಗದಲ್ಲಿ ಎರಡು ಮಾತುಗಳು ಒಟ್ಟೊಟ್ಟಿಗೆ ಓಡಾಡುತ್ತವೆ. ‘ಆರು ತಿಂಗಳ ಕೋರ್ಸ್ ಮುಗಿಸಿದರ ಟಿ.ಬಿ. ಹೋಗೇ ಹೋಗ್ತದ’ ಎಂಬುದು ಒಂದು. ‘ಅವರು ಗುಳಿಗಿ ತಗೊಂಡ್ರೂ ಉಳೀಲಿಲ್ಲ’ ಎಂಬುದು ಇನ್ನೊಂದು. ಎರಡೂ ಸುಳ್ಳಲ್ಲ. ಔಷಧಕ್ಕೆ ಬಗ್ಗುವ ರೋಗಾಣುವಾಗಿದ್ದು, ಗುಳಿಗೆಯನ್ನು ತಪ್ಪದೆ ನುಂಗಿದರೆ ಬಹುಪಾಲು ರೋಗಿಗಳು ಗುಣವಾಗುತ್ತಾರೆ. ಆದರೆ ಅದೇ ಗುಳಿಗೆಯನ್ನು ಅದೇ ದಿನ ಆರಂಭಿಸಿದ ಇಬ್ಬರಲ್ಲಿ ಒಬ್ಬರು ಎರಡನೇ ತಿಂಗಳಿಗೆ ಹೊಲಕ್ಕೆ ಹೋಗುವಂತಾಗಿ, ಇನ್ನೊಬ್ಬರು ಮೂರನೇ ವಾರಕ್ಕೆ ತೀರಿಕೊಂಡಿರುವುದೂ ಉಂಟು. ಈ ಎರಡನೆಯವರು ಯಾರಾಗಬಹುದು ಎಂಬುದು ಬಹಳಷ್ಟು ಸಲ ಚಿಕಿತ್ಸೆ ಆರಂಭಿಸಿದ ದಿನವೇ ಅವರ ಮೈಮೇಲೆ, ಮನೆಯಲ್ಲಿ, ಮಾತಿನಲ್ಲಿ ಕಾಣುತ್ತಿರುತ್ತದೆ. ನೋಡುವವರು ಬೇಕು, ಅಷ್ಟೇ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ರೋಗಿಯ ಜೊತೆಗಿರುವ ಮನೆಯವರು, ಆಶಾ ಕಾರ್ಯಕರ್ತೆಯರು ಮತ್ತು ಚಿಕಿತ್ಸಾ ಬೆಂಬಲಿಗರಾಗಿ ಹೆಸರು ಕೊಟ್ಟ ಸ್ವಯಂಸೇವಕರು ಆ ನೋಟವನ್ನು ಹೇಗೆ ಬೆಳೆಸಿಕೊಳ್ಳಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಔಷಧ ಬದಲಿಸುವುದು, ನಿಲ್ಲಿಸುವುದು ವೈದ್ಯರ ಕೆಲಸ. ಯಾರನ್ನು ಎಷ್ಟು ಬೇಗ ವೈದ್ಯರ ಮುಂದೆ ಕೂರಿಸಬೇಕು ಎಂದು ಅರಿಯುವುದು ನಮ್ಮ ಕೆಲಸ.

‘ಕೆಟ್ಟ ಫಲಿತಾಂಶ’ ಎಂದರೆ ಸಾವು ಮಾತ್ರವಲ್ಲ. ಚಿಕಿತ್ಸೆಯ ಕೊನೆಯಲ್ಲೂ ಕಫದಲ್ಲಿ ರೋಗಾಣು ಉಳಿದಿದ್ದರೆ ಅದು ವಿಫಲತೆ. ಒಂದು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಸತತವಾಗಿ ಗುಳಿಗೆ ಬಿಟ್ಟರೆ ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ಲೆಕ್ಕದಲ್ಲಿ ಅದು ಚಿಕಿತ್ಸೆಯಿಂದ ಕೈತಪ್ಪಿದ ಪ್ರಕರಣ. ಗುಣವಾದವರಲ್ಲಿ ಮತ್ತೆ ಕ್ಷಯ ಕಾಣಿಸಿಕೊಂಡರೆ ಅದು ಮರುಕಳಿಕೆ. ಈ ನಾಲ್ಕಕ್ಕೂ ಕಾರಣಗಳು ಒಂದೇ ಅಲ್ಲ. ಸಾವು ಹೆಚ್ಚಾಗಿ ಮೊದಲ ಎರಡು ತಿಂಗಳಲ್ಲೇ ಬರುತ್ತದೆ, ಅದಕ್ಕೆ ದೇಹದ ಸ್ಥಿತಿ ದೊಡ್ಡ ಕಾರಣ; ಕೈತಪ್ಪುವುದು ಬಹುಮಟ್ಟಿಗೆ ಮೈ ಹಗುರಾದ ಮೇಲೆ ನಡೆಯುತ್ತದೆ, ಅದಕ್ಕೆ ಬದುಕಿನ ಸ್ಥಿತಿ ಕಾರಣ. ಆದ್ದರಿಂದ ಮೊದಲು ದೇಹವನ್ನು ನೋಡಬೇಕು, ಆಮೇಲೆ ಬದುಕನ್ನು.

ತೂಕದ ಯಂತ್ರದಿಂದ ಆರಂಭಿಸಿ

ಮೊದಲ ದಿನ ಕೇಳಬೇಕಾದ ಮೊದಲ ಪ್ರಶ್ನೆ ಕೆಮ್ಮಿನದಲ್ಲ, ತೂಕದ್ದು. ತೂಕವನ್ನು ಅಂದಾಜಿನಲ್ಲಿ ಬರೆಯಬೇಡಿ, ‘ನಲವತ್ತು ಇರಬಹುದು’ ಎಂದು ರೋಗಿ ಹೇಳಿದ್ದನ್ನೂ ಬರೆಯಬೇಡಿ. ಚಪ್ಪಲಿ ಬಿಡಿಸಿ, ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳು ನಿಂತ ಮೇಲೆ ಓದಿ. ಎತ್ತರವನ್ನು ಗೋಡೆಗೆ ಬೆನ್ನು ಹಚ್ಚಿ ಅಳೆಯಿರಿ. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿಯೇ ಬಿಎಂಐ. ಉದಾಹರಣೆಗೆ, 160 ಸೆಂಟಿಮೀಟರ್ ಎತ್ತರದ, 38 ಕಿಲೋ ತೂಕದ ಗಂಡಸಿನ ಬಿಎಂಐ 14.8 ಆಗುತ್ತದೆ, 155 ಸೆಂಟಿಮೀಟರ್ ಎತ್ತರದ, 33 ಕಿಲೋ ತೂಕದ ಹೆಣ್ಣುಮಗಳದು 13.7. ಆರೋಗ್ಯವಂತರಲ್ಲಿ ಇದು 18.5ಕ್ಕಿಂತ ಮೇಲಿರಬೇಕು. ತೆಳ್ಳಗಿರುವ ಮೈಕಟ್ಟು ನಮ್ಮ ಕಡೆ ಎಷ್ಟು ಸಾಮಾನ್ಯವೆಂದರೆ, 15ರ ಬಿಎಂಐ ಇರುವ ಕೂಲಿಯವನನ್ನು ಕಂಡು ‘ಮೊದಲಿಂದ ಹಿಂಗೇ ಅದಾನ’ ಎಂದು ಮನೆಯವರೇ ಸಮಾಧಾನ ಹೇಳುತ್ತಾರೆ. ಆ ಸಮಾಧಾನವನ್ನು ಒಪ್ಪಿಕೊಳ್ಳಬೇಡಿ.

ತಮಿಳುನಾಡು 2022ರಲ್ಲಿ ‘ಕಾಸನೋಯ್ ಇರಪ್ಪಿಲಾ ತಿಟ್ಟಂ’, ಅಂದರೆ ಕ್ಷಯದಿಂದ ಸಾವಿಲ್ಲದಂತೆ ಮಾಡುವ ಯೋಜನೆ, ಆರಂಭಿಸಿದಾಗ ಬಳಸಿದ ಅಳತೆಗಳು ನಮ್ಮಂಥವರಿಗೆ ಬಹಳ ಉಪಯುಕ್ತ, ಏಕೆಂದರೆ ಅವುಗಳಿಗೆ ಪ್ರಯೋಗಾಲಯ ಬೇಕಿಲ್ಲ. ಬಿಎಂಐ 14 ಅಥವಾ ಅದಕ್ಕಿಂತ ಕಡಿಮೆ ಇರುವುದು. 16ರೊಳಗಿದ್ದು ಜೊತೆಗೆ ಕಾಲು ಬಾತಿರುವುದು. ಕುಳಿತಲ್ಲೇ ನಿಮಿಷಕ್ಕೆ 24ಕ್ಕಿಂತ ಹೆಚ್ಚು ಸಲ ಉಸಿರಾಡುವುದು. ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ಆಮ್ಲಜನಕ ಶೇಕಡಾ 94ಕ್ಕಿಂತ ಕೆಳಗಿರುವುದು. ಯಾರಾದರೂ ಹಿಡಿಯದೆ ಎದ್ದು ನಿಲ್ಲಲಾಗದಿರುವುದು. ಇವುಗಳಲ್ಲಿ ಒಂದು ಕಂಡರೂ ಆ ರೋಗಿಗೆ ಗುಳಿಗೆ ಪಟ್ಟಿ ಕೊಟ್ಟು ಮನೆಗೆ ಕಳಿಸುವುದು ಸರಿಯಲ್ಲ. ವೈದ್ಯರು ನೋಡಿ, ದಾಖಲು ಮಾಡಿಕೊಳ್ಳಬೇಕೋ ಬೇಡವೋ ಎಂದು ಅದೇ ದಿನ ತೀರ್ಮಾನಿಸಬೇಕು. ಉಸಿರು ಎಣಿಸಲು ಗಡಿಯಾರವೊಂದಿದ್ದರೆ ಸಾಕು. ಎಣಿಸುತ್ತಿದ್ದೇನೆಂದು ರೋಗಿಗೆ ಹೇಳಬೇಡಿ, ಹೇಳಿದರೆ ಉಸಿರಾಟದ ಲಯವೇ ಬದಲಾಗುತ್ತದೆ. ನಾಡಿ ಹಿಡಿದಂತೆ ಕೈ ಹಿಡಿದು, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ನೋಡಿ. ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗೆ, ಅಂದರೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಅಥವಾ ಯಾದಗಿರಿಯ ಯಿಮ್ಸ್‌ಗೆ ಹೋಗಬೇಕೆಂದು ವೈದ್ಯರು ಹೇಳಿದರೆ ‘ನಾಳೆ ನೋಡೋಣ’ ಎನ್ನಬಾರದ ರೋಗಿಗಳು ಇವರೇ.

ಆಹಾರದ ವಿಚಾರದಲ್ಲಿ ಇತಿಹಾಸದ ಒಂದು ತಿರುವನ್ನು ಹೇಳದೆ ಇರಲಾರೆ. 1950ರ ದಶಕದ ಕೊನೆಯಲ್ಲಿ ಮದರಾಸಿನಲ್ಲಿ ನಡೆದ ಪ್ರಸಿದ್ಧ ಅಧ್ಯಯನವು, ಸ್ಯಾನಟೋರಿಯಂನ, ಅಂದರೆ ಕ್ಷಯದ ವಿಶೇಷ ಆಸ್ಪತ್ರೆಯ, ವಿಶ್ರಾಂತಿ ಮತ್ತು ಒಳ್ಳೆಯ ಊಟ ಇಲ್ಲದೆ, ಬಡವರ ಮನೆಯಲ್ಲೇ ಗುಳಿಗೆ ಕೊಟ್ಟರೂ ಕ್ಷಯ ಗುಣವಾಗುತ್ತದೆ ಎಂದು ತೋರಿಸಿತು. ಲಕ್ಷಾಂತರ ಜನರಿಗೆ ಮನೆಬಾಗಿಲಲ್ಲೇ ಚಿಕಿತ್ಸೆ ಸಿಗುವಂತಾದದ್ದು ಅದರಿಂದಲೇ. ಆದರೆ ಅದರ ನೆರಳಿನಲ್ಲಿ ‘ಗುಳಿಗೆ ಇದ್ದರೆ ಸಾಕು, ಊಟ ಎರಡನೆಯದು’ ಎಂಬ ಧೋರಣೆಯೂ ಬೆಳೆಯಿತು ಎಂಬುದು ನನ್ನ ಅಭಿಪ್ರಾಯ. ಜಾರ್ಖಂಡಿನಲ್ಲಿ ಸುಮಾರು 2,800 ರೋಗಿಗಳಿಗೆ ಪಡಿತರ ಬುಟ್ಟಿ ಕೊಟ್ಟು ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವು ಆ ಧೋರಣೆಯನ್ನು ಸಾಕಷ್ಟು ಅಲುಗಾಡಿಸಿದೆ: ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡಾ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಸುಮಾರು ಶೇಕಡಾ 60ರಷ್ಟು ಕಡಿಮೆ ಕಂಡುಬಂತು. ಮೇಲೆ ಹೇಳಿದ 38 ಕಿಲೋ ಗಂಡಸಿಗೆ ಶೇಕಡಾ 5 ಎಂದರೆ ಎರಡು ಕಿಲೋಗೂ ಕೊಂಚ ಕಡಿಮೆ. ಎಟುಕದ ಗುರಿ ಇದಲ್ಲ. ಆದ್ದರಿಂದ ಎಂಟನೇ ವಾರದವರೆಗೆ ವಾರಕ್ಕೊಮ್ಮೆ ತೂಕ ನೋಡಿ, ಚಿಕಿತ್ಸಾ ಚೀಟಿಯ ಹಿಂಬದಿಯಲ್ಲಿ ಬರೆಯಿರಿ. ಎರಡು ವಾರ ಸತತವಾಗಿ ಏರದಿದ್ದರೆ ಅಥವಾ ಇಳಿದರೆ ಅದು ಸುದ್ದಿ, ವೈದ್ಯರಿಗೆ ತಲುಪಲೇಬೇಕಾದ ಸುದ್ದಿ.

ಏನು ತಿನ್ನಿಸಬೇಕು ಎಂಬುದಕ್ಕೆ ಪೇಟೆಯ ಪುಡಿ ಡಬ್ಬಿಯನ್ನು ಹುಡುಕಬೇಕಿಲ್ಲ. ತೊಗರಿಯ ಕಣಜವೆಂದು ಹೆಸರಾದ ಕಲಬುರಗಿ ಜಿಲ್ಲೆಯಲ್ಲಿ ಬೇಳೆಯ ತಿಳಿಸಾರನ್ನು ಮಾತ್ರ ರೋಗಿಗೆ ಬಡಿಸಿ, ಕೆಳಗಿನ ಗಟ್ಟಿ ಬೇಳೆಯನ್ನು ಉಳಿದವರು ಉಣ್ಣುವುದು ನಾನು ಅನೇಕ ಮನೆಗಳಲ್ಲಿ ಕಂಡ ವಿಪರ್ಯಾಸ. ಜೋಳದ ರೊಟ್ಟಿ, ಗಟ್ಟಿ ತೊಗರಿಬೇಳೆ, ಮಡಕಿ ಮತ್ತು ಹೆಸರು ಕಾಳಿನ ಪಲ್ಯ, ಶೇಂಗಾ ಹಿಂಡಿ, ಹಾಲು, ತಿನ್ನುವವರಾದರೆ ದಿನಕ್ಕೆರಡು ಮೊಟ್ಟೆ, ಇವಿಷ್ಟು ಸಾಕು. ತಡೆಯಾಗುವುದು ಬಹಳ ಸಲ ದುಡ್ಡಲ್ಲ, ಪಥ್ಯ. ‘ಗುಳಿಗಿ ಉಷ್ಣ, ಅದಕ್ಕ ತತ್ತಿ ಬ್ಯಾಡ, ಶೇಂಗಾ ಪಿತ್ತ, ಹಾಲು ಕಫ’ ಎಂದು ಒಂದೊಂದಾಗಿ ತೆಗೆದು, ಕೊನೆಗೆ ರೋಗಿಗೆ ಉಳಿಯುವುದು ಗಂಜಿ ಮಾತ್ರ. ಈ ಪಥ್ಯ ಯಾರ ಮಾತಿನಿಂದ ಬಂತೋ ಅವರ ಜೊತೆಯೇ ಕುಳಿತು ಮಾತನಾಡಬೇಕು. ಮನೆಯ ಹಿರಿಯ ಹೆಣ್ಣುಮಗಳನ್ನು ಒಪ್ಪಿಸದೆ ರೋಗಿಗೆ ಎಷ್ಟು ಹೇಳಿದರೂ ತಟ್ಟೆ ಬದಲಾಗುವುದಿಲ್ಲ.

ಕ್ಷಯ ರೋಗಿಗಳ ಊಟಕ್ಕೆಂದು ಸರ್ಕಾರ ದುಡ್ಡು ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆಯ ಅವಧಿಗೆ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿ 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ಖಾಸಗಿ ವೈದ್ಯರಲ್ಲಿ ಚಿಕಿತ್ಸೆ ಪಡೆಯುವವರೂ ಅವರ ಹೆಸರು ಸರ್ಕಾರದ ಕ್ಷಯ ದಾಖಲೆ ವ್ಯವಸ್ಥೆಯಾದ ನಿಕ್ಷಯ್‌ನಲ್ಲಿ ದಾಖಲಾಗಿದ್ದರೆ ಇದಕ್ಕೆ ಅರ್ಹರು. ಹಣ ಬಾರದಿರಲು ಸಾಮಾನ್ಯ ಕಾರಣ ಬ್ಯಾಂಕ್ ಖಾತೆಯ ತೊಡಕು: ಆಧಾರ್ ಜೋಡಣೆ ಆಗಿರುವುದಿಲ್ಲ, ಇಲ್ಲವೇ ಬಹಳ ದಿನ ಬಳಸದೆ ಖಾತೆ ಸ್ಥಗಿತವಾಗಿರುತ್ತದೆ. ಮೊದಲ ವಾರದಲ್ಲೇ ಪಾಸ್‌ಬುಕ್ ತೆರೆದು ನೋಡಿ. ಐದನೇ ತಿಂಗಳಲ್ಲಿ ಬರುವ ದುಡ್ಡು ಎರಡನೇ ತಿಂಗಳ ತೂಕವನ್ನು ಏರಿಸಲಾರದು.

ಗುಳಿಗೆಯ ಸಂಖ್ಯೆಯೂ ತೂಕಕ್ಕೆ ಕಟ್ಟುಬಿದ್ದಿದೆ. ವಯಸ್ಕರಲ್ಲಿ 25ರಿಂದ 34 ಕಿಲೋವರೆಗೆ ದಿನಕ್ಕೆ 2 ಗುಳಿಗೆ, 35ರಿಂದ 49ರವರೆಗೆ 3, 50ರಿಂದ 64ರವರೆಗೆ 4 ಎಂಬ ಲೆಕ್ಕವಿದೆ. ಅಂದಾಜಿನ ತೂಕ ಬರೆದರೆ ಔಷಧವೂ ಅಂದಾಜಾಗುತ್ತದೆ. 48 ಕಿಲೋದಲ್ಲಿ ಆರಂಭಿಸಿದವರು ಚೆನ್ನಾಗಿ ಉಂಡು 52ಕ್ಕೆ ಏರಿದರೆ ಅದನ್ನು ವೈದ್ಯರಿಗೆ ತಿಳಿಸಿ, ಗುಳಿಗೆ ಹೆಚ್ಚಿಸಬೇಕಾಗಬಹುದು.

ದೇಹದೊಳಗಿನ ಜೊತೆಗಾರರು

ಕ್ಷಯವೆಂದು ಗೊತ್ತಾದ ಪ್ರತಿಯೊಬ್ಬರಿಗೂ ರಕ್ತದ ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆ ಆಗಬೇಕೆಂಬುದು ಕಾರ್ಯಕ್ರಮದ ನಿಯಮ. ಚೀಟಿಯಲ್ಲಿ ಆ ಎರಡು ಸಾಲುಗಳು ಖಾಲಿ ಇದ್ದರೆ ಕೇಳಿ ಮಾಡಿಸಿ. ಸಕ್ಕರೆ ಕಾಯಿಲೆಯುಳ್ಳವರಿಗೆ ಕ್ಷಯ ತಗಲುವ ಸಾಧ್ಯತೆ ಎರಡು ಮೂರು ಪಟ್ಟು ಹೆಚ್ಚು. ತಗಲಿದ ಮೇಲೆ ಸಾವು ಮತ್ತು ಮರುಕಳಿಕೆಯ ಅಪಾಯವೂ ಇತರರಿಗಿಂತ ಹೆಚ್ಚು. ಇಲ್ಲಿ ಅನೇಕರಿಗೆ ತಿಳಿಯದ ಒಂದು ಸೂಕ್ಷ್ಮವಿದೆ. ರಿಫಾಂಪಿಸಿನ್ ಎಂಬ ಗುಳಿಗೆಯು ಯಕೃತ್ತನ್ನು ಚುರುಕುಗೊಳಿಸಿ, ಸಕ್ಕರೆಗೆಂದು ನುಂಗುವ ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್‌ನಂಥ ಮಾತ್ರೆಗಳನ್ನು ಬೇಗ ಕರಗಿಸಿಬಿಡುತ್ತದೆ. ಹೀಗಾಗಿ ವರ್ಷಗಳಿಂದ ಹತೋಟಿಯಲ್ಲಿದ್ದ ಸಕ್ಕರೆ ಕ್ಷಯದ ಚಿಕಿತ್ಸೆ ಆರಂಭವಾದೊಡನೆ ಮೇಲೇರಬಹುದು. ರೋಗಿ ‘ಟಿ.ಬಿ. ಗುಳಿಗಿ ಸಕ್ಕರೆ ಏರಿಸಿತು’ ಎಂದು ಗುಳಿಗೆಯನ್ನೇ ಬಿಡುತ್ತಾರೆ. ಬಿಡುವ ಬದಲು ಸಕ್ಕರೆಯ ಔಷಧವನ್ನು ಸರಿಹೊಂದಿಸಬೇಕು, ಕೆಲವರಿಗೆ ಕೆಲವು ತಿಂಗಳು ಇನ್ಸುಲಿನ್ ಬೇಕಾಗಬಹುದು. ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನೂ ರಿಫಾಂಪಿಸಿನ್ ಹೀಗೆಯೇ ಕುಗ್ಗಿಸುತ್ತದೆ, ಆದ್ದರಿಂದ ಆ ಮಾತ್ರೆಯನ್ನೇ ನಂಬಿದ ದಂಪತಿಗಳಿಗೆ ಬೇರೆ ವಿಧಾನ ಹೇಳಬೇಕು. ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು ಈ ಆರು ತಿಂಗಳ ಗುಳಿಗೆಗಳನ್ನು ಅಂಜದೆ ತೆಗೆದುಕೊಳ್ಳಬಹುದು. ಬಿಟ್ಟರೇ ತಾಯಿಗೂ ಮಗುವಿಗೂ ಅಪಾಯ.

ಎಚ್‌ಐವಿ ಇದ್ದವರಲ್ಲಿ ಎರಡೂ ಚಿಕಿತ್ಸೆಗಳು ನಡೆಯಬೇಕು. ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರಕ್ಕೆ ಕ್ಷಯದ ವಿಷಯವನ್ನೂ, ಕ್ಷಯದ ಕೇಂದ್ರಕ್ಕೆ ಎಆರ್‌ಟಿಯ ವಿಷಯವನ್ನೂ ತಿಳಿಸದೆ ಮುಚ್ಚಿಡುವುದೇ ಅಲ್ಲಿ ಮುಖ್ಯ ತೊಡಕು, ಏಕೆಂದರೆ ಡಾಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧ ತೆಗೆದುಕೊಳ್ಳುವವರಿಗೆ ರಿಫಾಂಪಿಸಿನ್ ಜೊತೆಯಲ್ಲಿ ದಿನಕ್ಕೆ ಇನ್ನೊಂದು ಪ್ರಮಾಣ ಬೇಕಾಗುತ್ತದೆ. ಅರವತ್ತು ದಾಟಿದವರನ್ನು ಹೇಗೂ ಹೆಚ್ಚು ಅಪಾಯದವರೆಂದೇ ಎಣಿಸಿ. ಕಲ್ಲು ಗಣಿ, ಕ್ರಷರ್, ಕಲ್ಲು ಕೊರೆಯುವ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವರ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ. ಸಿಲಿಕಾ ಧೂಳು ತುಂಬಿದ ಶ್ವಾಸಕೋಶದಲ್ಲಿ ಕ್ಷಯ ಹೆಚ್ಚು ಹಟಮಾರಿ, ಮರುಕಳಿಸುವುದೂ ಹೆಚ್ಚು.

‘ಇದಕ್ಕೂ ಮೊದಲು ಗುಳಿಗೆ ತಗೊಂಡಿದ್ರಾ?’

ಈ ಪ್ರಶ್ನೆಗೆ ಮೊದಲ ಸಲ ಸಿಗುವ ಉತ್ತರ ‘ಇಲ್ಲ’ ಎಂದೇ. ಎರಡನೇ ಭೇಟಿಯಲ್ಲಿ, ಚಹಾ ಕುಡಿಯುತ್ತ, ಬೇರೆ ಮಾತಿನ ನಡುವೆ ಮತ್ತೆ ಕೇಳಿ. ‘ಪುಣೆದಾಗ ಇದ್ದಾಗ ಎರಡು ತಿಂಗಳು ಕೆಂಪು ಗುಳಿಗಿ ನುಂಗಿದ್ದೆ, ಮೂತ್ರ ಕೆಂಪು ಬರ್ತಿತ್ತು’ ಎಂಬ ಮಾತು ಹೊರಬಂದರೆ ಚಿತ್ರವೇ ಬದಲಾಗುತ್ತದೆ. ಹಿಂದೆ ಅರ್ಧಕ್ಕೆ ಬಿಟ್ಟವರಲ್ಲಿ ಔಷಧಕ್ಕೆ ಬಗ್ಗದ ರೋಗಾಣು ಇರುವ ಸಾಧ್ಯತೆ ಹೊಸ ರೋಗಿಗಳಿಗಿಂತ ಬಹಳ ಹೆಚ್ಚು. ಅಂಥ ರೋಗಾಣುವಿಗೆ ಸಾಮಾನ್ಯ ಗುಳಿಗೆ ಎಷ್ಟು ಶ್ರದ್ಧೆಯಿಂದ ಕೊಟ್ಟರೂ ಫಲವಿಲ್ಲ, ತಪ್ಪು ರೋಗಿಯದೂ ಅಲ್ಲ.

ಆದ್ದರಿಂದ ಕಫವನ್ನು ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಯಂತ್ರದಲ್ಲಿ ಪರೀಕ್ಷಿಸಿದ್ದಾರೆಯೇ ಎಂದು ಕೇಳಿ ತಿಳಿಯಿರಿ. ಸಾಮಾನ್ಯವಾಗಿ ಬಳಸುವ ಈ ಪರೀಕ್ಷೆಗಳು ರಿಫಾಂಪಿಸಿನ್‌ಗೆ ರೋಗಾಣು ಬಗ್ಗುತ್ತದೆಯೇ ಎಂಬುದನ್ನು ಹೇಳುತ್ತವೆ. ಇನ್ನೊಂದು ಮುಖ್ಯ ಔಷಧವಾದ ಐಸೋನಿಯಾಜಿಡ್‌ನ ಕಥೆ ತಿಳಿಯಲು ಎಲ್‌ಪಿಎ ಎಂಬ ಮತ್ತೊಂದು ಪರೀಕ್ಷೆ ಬೇಕು. ಕಫವೂ ಕಫವಾಗಿರಬೇಕು: ಬೆಳಿಗ್ಗೆ ಎದ್ದೊಡನೆ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ಎದೆಯಿಂದ ಕೆಮ್ಮಿ ತೆಗೆದದ್ದು. ಡಬ್ಬಿಯಲ್ಲಿ ಉಗುಳಷ್ಟೇ ಇದ್ದರೆ ವರದಿ ‘ಇಲ್ಲ’ ಎಂದು ಬಂದು, ರೋಗ ಮಾತ್ರ ಒಳಗೇ ಬೆಳೆಯುತ್ತಿರುತ್ತದೆ. ಔಷಧಕ್ಕೆ ಬಗ್ಗದ ಕ್ಷಯವೆಂದರೆ ಬದುಕೇ ಮುಗಿಯಿತೆಂದು ತಿಳಿಯುವವರು ಇನ್ನೂ ಇದ್ದಾರೆ. ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಂಡು, ಎರಡು ವರ್ಷ ಚಿಕಿತ್ಸೆ ಪಡೆಯುತ್ತಿದ್ದ ಕಾಲ ಹೋಗಿದೆ. ಬೆಡಾಕ್ವಿಲಿನ್ ಒಳಗೊಂಡ, ಬಾಯಿಂದಲೇ ತೆಗೆದುಕೊಳ್ಳುವ ಆರು ತಿಂಗಳ ಕ್ರಮಕ್ಕೂ 2024ರಲ್ಲಿ ನಮ್ಮ ದೇಶ ಒಪ್ಪಿಗೆ ಕೊಟ್ಟಿದೆ.

ತಡವಾಗಿ ಬರುವುದೂ ಇಲ್ಲಿಗೇ ಸೇರುವ ಸಂಗತಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸುವ ಬದಲು, ಊರಿನ ಪರಿಚಿತ ‘ಡಾಕ್ಟರ’ರಿಂದ ಮೂರು ಸಲ ಸೂಜಿ, ಎರಡು ಸಲ ಸಲೈನ್ ಹಾಕಿಸಿಕೊಂಡು ಬಂದವರು ಬಹಳ. ಅದರಲ್ಲೂ ಲಿವೋಫ್ಲಾಕ್ಸಸಿನ್‌ನಂಥ ಮಾತ್ರೆಗಳನ್ನು ಸಾದಾ ಕೆಮ್ಮಿಗೆಂದು ಕೊಟ್ಟರೆ ಕ್ಷಯ ಕೆಲವು ದಿನ ಅಡಗಿ, ಗುರುತು ಸಿಗುವುದು ಇನ್ನೂ ತಡವಾಗುತ್ತದೆ. ಮನೆಯಲ್ಲಿರುವ ಹಳೆಯ ಚೀಟಿ, ಖಾಲಿ ಮಾತ್ರೆ ಪಟ್ಟಿ ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು ವೈದ್ಯರ ಬಳಿಗೆ ಹೋಗಲು ಹೇಳಿ.

ಕುಡಿತ, ತಂಬಾಕು

ಕುಡಿಯುವವರನ್ನು ಬೈದು ಯಾರೂ ಗುಣಪಡಿಸಿಲ್ಲ. ‘ಕುಡಿತೀರಾ?’ ಎಂದು ಕೇಳಬೇಡಿ. ‘ವಾರದಾಗ ಎಷ್ಟು ದಿನ, ಒಂದು ಸಲಕ್ಕ ಎಷ್ಟು’ ಎಂದು ಕೇಳಿ, ಲೆಕ್ಕ ಬರುತ್ತದೆ. ಸೆರೆ ಎರಡು ದಾರಿಯಿಂದ ಕೆಡಿಸುತ್ತದೆ. ಕುಡಿದ ರಾತ್ರಿಯ ಮರುದಿನದ ಗುಳಿಗೆ ತಪ್ಪುತ್ತದೆ. ಕ್ಷಯದ ಮೂರು ಗುಳಿಗೆಗಳು ಯಕೃತ್ತಿನ ಮೇಲೆ ಭಾರ ಹಾಕುವಂಥವಾದ್ದರಿಂದ ಕಾಮಾಲೆಯ ಅಪಾಯವೂ ಏರುತ್ತದೆ. ಪೂರ್ತಿ ಬಿಡುವುದೇ ಸರಿ. ಆದರೆ ಪ್ರತಿದಿನ ಬಹಳ ಕುಡಿಯುವವರು ಒಮ್ಮೆಲೇ ನಿಲ್ಲಿಸಿದಾಗ ಕೈ ನಡುಗುವುದು, ಭ್ರಮೆ, ಸೆಳವು ಬರಬಹುದು, ಆದ್ದರಿಂದ ವೈದ್ಯರಿಗೆ ತಿಳಿಸಿಯೇ ಬಿಡಿಸಬೇಕು. ಮತ್ತೊಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡಿ: ಇವತ್ತು ಕುಡಿದಿದ್ದೇನೆ ಎಂದು ಇವತ್ತಿನ ಗುಳಿಗೆ ತಾವಾಗಿಯೇ ಬಿಡಬಾರದು, ಯಾರಿಗೂ ಹೇಳದೆ ಮುಚ್ಚಿಡಲೂ ಬಾರದು. ‘ಕುಡಿದರೆ ಗುಳಿಗೆ ನುಂಗಬೇಡ’ ಎಂದು ಬೆದರಿಸಿದವರು, ತಿಳಿಯದೆ, ವಾರದಲ್ಲಿ ನಾಲ್ಕು ದಿನದ ಗುಳಿಗೆ ತಪ್ಪಿಸಿದ್ದನ್ನು ಕಂಡಿದ್ದೇನೆ. ಬೀಡಿ ಸೇದುವವರಲ್ಲಿ ಕಫ ಶುದ್ಧವಾಗುವುದು ತಡ, ಮರುಕಳಿಕೆಯೂ ಹೆಚ್ಚು.

ಗುಳೆ

ಕೈತಪ್ಪಿದ ರೋಗಿಗಳ ಪಟ್ಟಿಯನ್ನು ಹಿಡಿದು ನಮ್ಮ ಹಳ್ಳಿ, ತಾಂಡಾಗಳಲ್ಲಿ ಮನೆ ಹುಡುಕಿದವರಿಗೆ ಒಂದು ದೃಶ್ಯ ಪರಿಚಿತ: ಬಾಗಿಲಿಗೆ ಬೀಗ, ಪಕ್ಕದ ಮನೆಯ ಮುದುಕಿ ‘ದುಡಿಲಿಕ್ಕ ಹೋಗ್ಯಾರ’ ಎನ್ನುವುದು. ಚಿಂಚೋಳಿ, ಆಳಂದ, ಔರಾದ, ಗುರುಮಠಕಲ್ ಕಡೆಯಿಂದ ಹೈದರಾಬಾದಿಗೆ, ಪುಣೆ, ಮುಂಬೈಗಳಿಗೆ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವವರಿದ್ದಾರೆ, ಕಬ್ಬು ಕಡಿಯಲು ಹೋಗುವವರಿದ್ದಾರೆ. ಇದನ್ನು ರೋಗಿಯ ಬೇಜವಾಬ್ದಾರಿ ಎಂದು ಬರೆದುಕೊಳ್ಳುವುದು ಸುಲಭ, ಆದರೆ ಸರಿಯಲ್ಲ. ಮೇಸ್ತ್ರಿಯಿಂದ ಮುಂಗಡ ಪಡೆದವನು ಕ್ಷಯವೆಂದು ಹೇಳಿ ಊರಲ್ಲಿ ಉಳಿಯಲಾರ. ಅಲ್ಲಿಗೆ ಹೋಗಿ ಕ್ಷಯವೆಂದು ಹೇಳಿದರೆ ಶೆಡ್ಡಿನಲ್ಲಿ ಜಾಗ ಸಿಗಲಾರದು.

ಹೀಗಾಗಿ ಗುಳೆ ಹೋಗುವ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕು, ಅದೂ ಆರು ತಿಂಗಳ ಲೆಕ್ಕ ಮುಂದಿಟ್ಟುಕೊಂಡು. ಪೂರ್ತಿ ಕೋರ್ಸ್ ಎಂದರೆ ಮೊದಲ 8 ವಾರಗಳ 56 ದಿನ, ಆಮೇಲಿನ 16 ವಾರಗಳ 112 ದಿನ, ಒಟ್ಟು 168 ದಿನಗಳ ಗುಳಿಗೆ. ದಸರೆಯ ಹೊತ್ತಿಗೆ ಆರಂಭಿಸಿದವರಿಗೆ ಎಳ್ಳಮಾವಾಸ್ಯೆಯ ಚರಗ ಚೆಲ್ಲುವ ಹೊತ್ತಿಗೆ ಮೊದಲ ಹಂತ ಮುಗಿದಿರುತ್ತದೆ, ಕೆಮ್ಮು ನಿಂತಿರುತ್ತದೆ, ತೊಗರಿ ರಾಶಿಯೂ ಆಗಿರುತ್ತದೆ. ಊರು ಬಿಡುವುದು ಆಗಲೇ. ಇನ್ನೂ ತೊಂಬತ್ತರಷ್ಟು ದಿನದ ಗುಳಿಗೆ ಬಾಕಿ. ‘ರಾಶಿ ಆದ ಮ್ಯಾಲ ಎಲ್ಲಿಗಿ, ಯಾರ ಜೋಡಿ, ಎಷ್ಟು ದಿನ?’ ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಯಿರಿ. ಮನೆಯವರ ಫೋನ್ ಜೊತೆಗೆ, ರೋಗಿ ಒಪ್ಪಿದರೆ, ಜೊತೆ ಹೋಗುವ ಒಬ್ಬ ನೆಂಟನ ಫೋನ್ ಕೂಡ ಇರಲಿ. ಹೋದ ಊರಿನಲ್ಲಿ ಸಿಮ್ ಬದಲಾಗುವುದು ಮಾಮೂಲು.

ನಿಕ್ಷಯ್ ಗುರುತಿನ ಸಂಖ್ಯೆ ದೇಶಕ್ಕೆಲ್ಲ ಒಂದೇ. ಹೋಗುವ ಊರು ತಿಳಿದರೆ ಇಲ್ಲಿನ ಹಿರಿಯ ಚಿಕಿತ್ಸಾ ಮೇಲ್ವಿಚಾರಕರು ಆ ಊರಿನ ಕೇಂದ್ರಕ್ಕೆ ಹೆಸರನ್ನು ವರ್ಗಾಯಿಸಬಲ್ಲರು, ಪ್ರಯಾಣದ ದಿನಗಳಿಗೆ ಸಾಲುವಷ್ಟು ಗುಳಿಗೆಯನ್ನೂ ಕೊಡಬಲ್ಲರು. ವರ್ಗಾವಣೆ ಎಂದರೆ ಕಂಪ್ಯೂಟರಿನ ಒಂದು ಗುಂಡಿ ಒತ್ತುವುದಷ್ಟೇ ಆಗಬಾರದು. ಹೋದ ವಾರದಲ್ಲಿ ಫೋನ್ ಮಾಡಿ, ಅಲ್ಲಿ ಗುಳಿಗೆ ಕೈಗೆ ಬಂತೇ ಎಂದು ಕೇಳುವವರೆಗೂ ಅದು ಮುಗಿದಿಲ್ಲ. 1800-11-6666 ಎಂಬ ನಿಕ್ಷಯ್ ಉಚಿತ ಸಹಾಯವಾಣಿಯ ಸಂಖ್ಯೆಯನ್ನು ಚೀಟಿಯ ಮೇಲೆ ದೊಡ್ಡದಾಗಿ ಬರೆದುಕೊಡಿ. ನನ್ನ ಪರಿಚಯದ ಗೌಂಡಿಯೊಬ್ಬರು ತಮ್ಮ ಚೀಟಿಯ ಫೋಟೋವನ್ನು ಮಗಳ ಫೋನಿನಲ್ಲಿ ಇಟ್ಟುಕೊಂಡಿದ್ದರು. ಚೀಟಿ ಮಳೆಯಲ್ಲಿ ನೆನೆದು ಹೋದಾಗ ಹೊಸ ಊರಿನ ಕೇಂದ್ರದಲ್ಲಿ ಆ ಫೋಟೋ ತೋರಿಸಿಯೇ ಗುಳಿಗೆ ಪಡೆದರು. ಅಂದಿನಿಂದ ನಾನು ಎಲ್ಲರಿಗೂ ಮೊದಲು ಫೋಟೋ ತೆಗೆಸುತ್ತೇನೆ.

ನಡುವೆ ಒಂದೆರಡು ದಿನ ತಪ್ಪಿದರೆ ಮರುದಿನ ಎರಡು ದಿನದ್ದನ್ನು ಒಟ್ಟಿಗೆ ನುಂಗಬಾರದು. ಎಂದಿನ ಪ್ರಮಾಣ ಮುಂದುವರಿಸಿ, ತಪ್ಪಿದ ದಿನಗಳನ್ನು ಕೊನೆಗೆ ಸೇರಿಸುತ್ತಾರೆ. ತಿಂಗಳು ದಾಟಿದರೆ ಮನೆಯಲ್ಲಿ ಉಳಿದ ಗುಳಿಗೆಯನ್ನು ತಾವಾಗಿಯೇ ಮತ್ತೆ ಆರಂಭಿಸದೆ, ಕಫವನ್ನು ಹೊಸದಾಗಿ ಪರೀಕ್ಷಿಸಿಕೊಳ್ಳಬೇಕು.

ಹೆಣ್ಣುಮಕ್ಕಳು ಕೈತಪ್ಪುವ ದಾರಿ ಬೇರೆ. ಅತ್ತೆಮನೆಯಲ್ಲಿ ರೋಗ ಗೊತ್ತಾದೊಡನೆ ತವರಿಗೆ ಕಳಿಸುವುದು, ತವರಿನಲ್ಲಿ ನೆರೆಯವರಿಗೆ ತಿಳಿಯಬಾರದೆಂದು ಆಶಾ ಮನೆಗೆ ಬರುವುದನ್ನೇ ಬೇಡವೆನ್ನುವುದು. ಅಂಥ ಕಡೆ ಮನೆಗೆ ಹೋಗಬೇಡಿ. ಅಂಗನವಾಡಿಯಲ್ಲೋ, ಅವರು ಹೇಳಿದ ಗೆಳತಿಯ ಮನೆಯಲ್ಲೋ ಗುಳಿಗೆ ಕೊಡಿ. ಗುಟ್ಟು ಕಾಯುವುದೂ ಚಿಕಿತ್ಸೆಯ ಭಾಗವೇ.

ರಂಜಾನ್ ತಿಂಗಳು ನಡುವೆ ಬಂದರೆ ಅದನ್ನೂ ಮೊದಲೇ ಮಾತನಾಡಿ. ಮೈಯಲ್ಲಿ ಶಕ್ತಿಯಿಲ್ಲದವರು, ಸಕ್ಕರೆ ಇರುವವರು ಉಪವಾಸ ಮಾಡುವುದು ಅಪಾಯ, ಕಾಯಿಲೆಯವರಿಗೆ ಧರ್ಮದಲ್ಲೇ ವಿನಾಯಿತಿ ಇದೆ. ತೂಕ ಏರಿ ಸುಧಾರಿಸಿಕೊಂಡವರು ರೋಜಾ ಹಿಡಿದೇ ಹಿಡಿಯುತ್ತೇನೆಂದರೆ, ದಿನಕ್ಕೊಮ್ಮೆ ಒಟ್ಟಿಗೆ ನುಂಗುವ ಗುಳಿಗೆ ಇದಾದ್ದರಿಂದ ಸಹರಿಗೂ, ಅಂದರೆ ನಸುಕಿನ ಊಟಕ್ಕೂ, ಮೊದಲಿನ ಹೊತ್ತಿಗೆ ಹೊಂದಿಸಿಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಲಿ. ನಾವು ಮೊದಲೇ ಕೇಳದಿದ್ದರೆ ರೋಗಿಗಳು ಹೇಳದೆಯೇ ಗುಳಿಗೆ ಬಿಡುತ್ತಾರೆ.

ಗುಳಿಗೆ ಬಿಡಿಸುವ ಗುಳಿಗೆಯ ತೊಂದರೆಗಳು

ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್‌ನ ಬಣ್ಣ, ರಕ್ತವಲ್ಲ. ಮೊದಲ ಗುಳಿಗೆ ಕೊಡುವಾಗಲೇ ಇದನ್ನು ಹೇಳದಿದ್ದರೆ ಎರಡನೇ ದಿನವೇ ಒಬ್ಬರನ್ನು ಕಳೆದುಕೊಳ್ಳಬಹುದು. ಆದರೆ ಕಣ್ಣಿನ ಬಿಳಿಭಾಗ ಹಳದಿಯಾಗುವುದು, ಊಟ ಕಂಡರೆ ವಾಕರಿಕೆ, ಬಿಡದೆ ವಾಂತಿ, ಬಲಪಕ್ಕೆಯಲ್ಲಿ ನೋವು, ಇವು ಯಕೃತ್ತಿನ ಕರೆ. ಅಂದಿನ ಗುಳಿಗೆ ನುಂಗಿಸದೆ ಅಂದೇ ವೈದ್ಯರಿಗೆ ತೋರಿಸಬೇಕು. ಇಥಾಂಬುಟಾಲ್‌ನಿಂದ ದೃಷ್ಟಿ ಮಸುಕಾಗುವುದು, ಕೆಂಪು-ಹಸಿರಿನ ಭೇದ ತಿಳಿಯದಿರುವುದು ಅಪರೂಪ, ಆದರೂ ಅಷ್ಟೇ ತುರ್ತು. ಪೈರಾಜಿನಮೈಡ್‌ನಿಂದ ಕೀಲುನೋವು ಬರಬಹುದು, ಸಾಮಾನ್ಯ ನೋವಿನ ಔಷಧದಿಂದ ಇಳಿಯುತ್ತದೆ. ಐಸೋನಿಯಾಜಿಡ್‌ನಿಂದ ಕುಡಿಯುವವರಲ್ಲಿ, ಸಕ್ಕರೆಯವರಲ್ಲಿ, ಬಡಕಲಾದವರಲ್ಲಿ ಅಂಗಾಲು ಜುಮುಗುಡಬಹುದು, ಅದಕ್ಕೆ ಪಿರಿಡಾಕ್ಸಿನ್ ಎಂಬ ವಿಟಮಿನ್ ಕೊಡುತ್ತಾರೆ. ಸಣ್ಣ ತೊಂದರೆಗೂ ದೊಡ್ಡ ತೊಂದರೆಗೂ ಇರುವ ವ್ಯತ್ಯಾಸವನ್ನು ಮನೆಯಲ್ಲಿ ಓದುಬಲ್ಲ ಒಬ್ಬರಿಗೆ ಬರೆದುಕೊಡಿ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ, ಕಿಟಕಿಯ ಮೇಲೆ ಗುಳಿಗೆ ಇಡದೆ, ಪಟ್ಟಿಯಿಂದ ಬಿಡಿಸದೆ, ಕೆಳಗಿನ ನೆರಳಿನ ಗೂಡಿನಲ್ಲಿ ಇಡಿಸಿ.

ಎರಡನೇ ತಿಂಗಳ ಕೊನೆಯ ಕಫ ಪರೀಕ್ಷೆಯನ್ನು ಬಹಳ ಜನ ತಪ್ಪಿಸುತ್ತಾರೆ, ಏಕೆಂದರೆ ಆಗ ಕಫವೇ ಬರುವುದಿಲ್ಲ. ಬಂದಷ್ಟನ್ನು ಕೊಡಬೇಕು. ಅಲ್ಲಿ ಇನ್ನೂ ರೋಗಾಣು ಕಂಡರೆ, ಗುಳಿಗೆ ನಿಜಕ್ಕೂ ಹೊಟ್ಟೆಗೆ ಹೋಗಿದೆಯೇ, ರೋಗಾಣು ಔಷಧಕ್ಕೆ ಬಗ್ಗುತ್ತಿದೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಲು ನಾಲ್ಕು ತಿಂಗಳು ಇನ್ನೂ ಕೈಯಲ್ಲಿರುತ್ತವೆ. ಆರನೇ ತಿಂಗಳಲ್ಲಿ ಕಂಡರೆ ಆ ಸಮಯ ಉಳಿದಿರುವುದಿಲ್ಲ. ಗುಣವಾಯಿತೆಂದು ಬರೆದ ಮೇಲೂ 6, 12, 18 ಮತ್ತು 24ನೇ ತಿಂಗಳಲ್ಲಿ ಮತ್ತೆ ನೋಡಬೇಕೆಂಬ ನಿಯಮವಿದೆ. ಗುಳೆ ಹೋಗುವವರಿಗೆ ಈ ನಾಲ್ಕು ದಿನಾಂಕಗಳನ್ನು ತಿಂಗಳ ಹೆಸರಿನಲ್ಲಿ ಬರೆದರೆ ಮರೆಯುತ್ತಾರೆ. ‘ಮುಂದಿನ ನಾಗರಪಂಚಮಿಗೆ ಊರಿಗೆ ಬಂದಾಗ’, ‘ಶರಣಬಸವೇಶ್ವರ ಜಾತ್ರೆಗೆ ಬಂದಾಗ’ ಎಂದು ಬರೆದರೆ ಬರುತ್ತಾರೆ.